ದ್ಯಾಮವ್ವನ ಹೆಪ್ಪು

ಫಕ್ಕೀರಪ್ಪನ ಕೆಮ್ಮು ನಿಂತು ಎಂಟು ದಿನವಾಯಿತೆಂದು ಖಾತ್ರಿಯಾದ ಮೇಲೆ ಅವನ ಹೆಂಡತಿ ದ್ಯಾಮವ್ವ ಫಿಲ್ಟರ್ ಶೆಡ್ಡಿನವರಿಗೆಲ್ಲ ಚುರುಮುರಿ, ಮಿರ್ಚಿ ತರಿಸಿ ಹಂಚಿದಳು. ಅದೇನು ಸಣ್ಣ ಕೆಮ್ಮಾಗಿರಲಿಲ್ಲ. ಮೂವತ್ತೊಂದು ವರ್ಷ ಹುಬ್ಬಳ್ಳಿಯಿಂದ ಪುಣೆಗೆ, ಪುಣೆಯಿಂದ ವಿಜಯವಾಡಕ್ಕೆ ಲಾರಿ ಓಡಿಸಿ, ಮುಂದೆ ಹೋಗುವ ಲಾರಿಗಳ ಹೊಗೆಯನ್ನೆಲ್ಲ ಎದೆಗೆ ತುಂಬಿಕೊಂಡು ತಂದ ಕೆಮ್ಮು. ಬೆಳಿಗ್ಗೆ ಐದಕ್ಕೆ ಅದು ಶುರುವಾದರೆ ಓಣಿಯಲ್ಲಿ ಯಾರೂ ಬೇರೆ ಅಲಾರಂ ಇಟ್ಟುಕೊಳ್ಳಬೇಕಾಗಿರಲಿಲ್ಲ. ಈಗ ಅದೇ ಮನುಷ್ಯ ನೀರಿನ ಕೊಡ ಹೊತ್ತು ಮಾಳಿಗೆ ಹತ್ತಿ, ಮೇಲಿಂದ ಬಗ್ಗಿ ನೋಡಿ, "ಏನಂತಿ ಈಗ?" ಎಂದು ಮೀಸೆ ತಿರುವುತ್ತಿದ್ದ.

"ಯಾವ ಡಾಕ್ಟರ್ ಔಷಧ ತಗೊಂಡ್ರಿ ಮಾವಾ?" ಎಂದು ಶೆಡ್ಡಿನ ಇಮಾಂಬಿ ಕೇಳಿದಳು.

"ಔಷಧ ಎಲ್ಲೀದು? ಎಲ್ಲಾ ನನ್ನ ಹೇಣ್ತಿ ಕೈಗುಣ," ಎಂದ ಫಕ್ಕೀರಪ್ಪ.

ಎಲ್ಲರೂ ನಕ್ಕರು. ದ್ಯಾಮವ್ವನಿಗೂ ನಗು ಬಂತು. ಆ ಮಾತು ಎಷ್ಟು ನಿಜವೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಓದುಗರು ಬೇಸರ ಮಾಡಿಕೊಳ್ಳಬಾರದು, ಈ ಶೆಡ್ಡಿನ ಕೆಲಸವನ್ನು ಸ್ವಲ್ಪ ವಿವರಿಸಲೇಬೇಕು. ಆ ಕಾಲಕ್ಕೆ ಸಣ್ಣ ಗಾಡಿಗಳೆಲ್ಲ ಕರೆಂಟಿನ ಮೇಲೆ ಓಡುತ್ತಿದ್ದವು. ನಲವತ್ತು ಟನ್ ಕಬ್ಬಿಣ ಹೊತ್ತು ಘಟ್ಟ ಹತ್ತುವ ಭಾರೀ ಲಾರಿಗಳು ಮಾತ್ರ ಇನ್ನೂ ಡೀಸೆಲ್ ಬಿಟ್ಟಿರಲಿಲ್ಲ. ಪ್ರತಿ ಲಾರಿಯ ಹೊಟ್ಟೆಯಡಿ, ಸೈಲೆನ್ಸರಿನ ಪಕ್ಕ, ನೀರಿನ ಹಂಡೆಯಷ್ಟು ದೊಡ್ಡದೊಂದು ಡಬ್ಬಿ ಇರುತ್ತಿತ್ತು. ಅದರೊಳಗೆ ಸುಟ್ಟ ಮಣ್ಣಿನ ಒಂದು ಗಟ್ಟಿ. ಆ ಗಟ್ಟಿಯ ತುಂಬ ಬೆಂಕಿಕಡ್ಡಿ ತೂರುವಷ್ಟು ಸಣ್ಣ ಸಾವಿರಾರು ಕೊಳವೆಗಳು. ಒಂದು ಕೊಳವೆಯ ಬಾಯಿ ಈ ಕಡೆ ಮುಚ್ಚಿದ್ದರೆ ಅದರ ಪಕ್ಕದ್ದು ಆ ಕಡೆ ಮುಚ್ಚಿರುತ್ತದೆ. ಹೊಗೆ ಹೊರಗೆ ಹೋಗಬೇಕಾದರೆ ಗೋಡೆಯೊಳಗೇ ಜಿನುಗಿ ಹೋಗಬೇಕು, ಮಸಿ ಒಳಗೇ ಉಳಿಯಬೇಕು. ಹಿಂದೆಲ್ಲ ಡಬ್ಬಿ ತುಂಬಿದಾಗ ಲಾರಿಯನ್ನು ರಸ್ತೆಬದಿಗೆ ನಿಲ್ಲಿಸಿ, ಅರ್ಧ ಗಂಟೆ ಇಂಜಿನ್ ಜೋರುಮಾಡಿ ಮಸಿಯನ್ನು ಅಲ್ಲೇ ಸುಡುತ್ತಿದ್ದರು. ಆರುನೂರು ಡಿಗ್ರಿ ಬಿಸಿ. ಒಣಹುಲ್ಲಿನ ಮೇಲೆ ನಿಲ್ಲಿಸಿದ ಲಾರಿ ಹತ್ತಿಯ ಲೋಡಿನ ಸಮೇತ ಉರಿದುಹೋದ ಸುದ್ದಿ ಪ್ರತಿ ಧಾಬಾದಲ್ಲೂ ಒಂದೊಂದು ಇತ್ತು.

ಆಮೇಲೆ ಮಸಿ ತಿನ್ನುವ ಜೀವಾಣು ಬಂತು. ಪ್ರಯೋಗಾಲಯದಲ್ಲಿ ತಯಾರಾದದ್ದು, ಕಿಟ್ಟಿನೊಳಗೆ ಬೆಲ್ಲದ ಪಾಕದಂಥ ದ್ರವವಾಗಿ ಬರುತ್ತಿತ್ತು. ಡಬ್ಬಿ ಬಿಚ್ಚಿ, ಅದನ್ನು ಸುರಿದು, ಸುತ್ತ ಬಿಸಿ ಜಾಕೀಟು ಕಟ್ಟಿ ಎಂಟು ತಾಸು ಬಿಟ್ಟರೆ ಮಸಿಯನ್ನೆಲ್ಲ ತಿಂದು, ಒಂದಿಷ್ಟು ಬೂದಿ, ಒಂದಿಷ್ಟು ಹುಳಿನೀರು ಉಳಿಸುತ್ತಿತ್ತು. ಆಮೇಲೆ ತೊಳೆಯುವುದು, ಒಣಗಿಸುವುದು, ಕಂಪ್ರೆಸರಿನ ಗಾಳಿ ಹೊಡೆದು ಬೂದಿ ಉದುರಿಸುವುದು, ತೂಕ ನೋಡಿ ಮತ್ತೆ ಲಾರಿಗೆ ಕೂಡಿಸುವುದು. ಜೀವಾಣು ಮಾಡಿದವರು ಹುಷಾರಿನ ಜನ. ಅದಕ್ಕೆ ಐವತ್ತೈದು ಡಿಗ್ರಿ ಬಿಸಿ ಬೇಕು, ನಲವತ್ತೈದಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಮನುಷ್ಯನ ಮೈಬಿಸಿ ಮೂವತ್ತೇಳು. ಆದ್ದರಿಂದ ಇದು ಮನುಷ್ಯರಿಗೆ ಅಪಾಯವಲ್ಲ ಎಂದು ಕಿಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಮ್ಮೆ ಬಳಸಿದ್ದನ್ನು ಭಟ್ಟಿಗೆ ಹಾಕಿ ಸುಡಬೇಕು, ಪ್ರತಿ ಡಬ್ಬಿಗೂ ಹೊಸ ಕಿಟ್ಟೇ ಒಡೆಯಬೇಕು ಎಂದೂ ಬರೆದಿತ್ತು.

ಹಾಗೆ ಬರೆದವರು ಮನೆಯಲ್ಲಿ ಮೊಸರು ಮಾಡಿದವರಲ್ಲ ಎಂದು ಕಾಣುತ್ತದೆ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಸೇತುವೆಯೊಂದು ಕೊಚ್ಚಿಹೋಗಿ ಹನ್ನೊಂದು ದಿನ ಕಿಟ್ಟು ಬರಲಿಲ್ಲ. ಬೈಪಾಸಿನ ಮೇಲೆ ನಲವತ್ತು ಲಾರಿ ಸಾಲುಗಟ್ಟಿ ನಿಂತವು. ಡ್ರೈವರುಗಳು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಶೆಡ್ಡಿನ ಮೇಸ್ತ್ರಿ ದ್ಯಾಮವ್ವ ನಿನ್ನೆಯ ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಒಂದು ಸೌಟು ತೆಗೆದು ಇಂದಿನ ಡಬ್ಬಿಗೆ ಹಾಕಿದಳು. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪು. ಅದರಲ್ಲಿ ಯೋಚನೆ ಮಾಡುವಂಥದ್ದೇನಿದೆ? ಮೊದಲ ಸಲ ಬಹುಪಾಲು ಸತ್ತಿತು. ಬದುಕಿದ್ದನ್ನು ಎತ್ತಿಟ್ಟುಕೊಂಡಳು. ಅದರಿಂದ ಮತ್ತೊಂದು ಡಬ್ಬಿ, ಅದರಲ್ಲಿ ಗಟ್ಟಿಯಾಗಿ ನಿಂತದ್ದರಿಂದ ಇನ್ನೊಂದು. ಚಳಿಗಾಲ ಬಂದಾಗ ಹೆಪ್ಪಿನ ಬಾಟಲಿ ತಣ್ಣಗಾಗಬಾರದೆಂದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು. ಅವಳು ಸ್ನಾನಕ್ಕೆ ಹೋದರೆ ಬಾಟಲಿ ಫಕ್ಕೀರಪ್ಪನ ಬನಿಯನ್ನಿನೊಳಗೆ ಹೋಗುತ್ತಿತ್ತು. ಹೀಗೆ ಮೂರು ಚಳಿಗಾಲ. ಕೊನೆಗೆ ಬಿಸಿ ಜಾಕೀಟೇ ಬೇಡವಾಯಿತು, ಎಂಟು ತಾಸಿನ ಕೆಲಸ ಐದಕ್ಕೆ ಮುಗಿಯತೊಡಗಿತು. ಡ್ರೈವರುಗಳು ಬಂದು, "ದ್ಯಾಮಕ್ಕಾ, ಒಂದೀಟು ನಿನ್ನ ಹೆಪ್ಪು ಕೊಡವಾ, ದಾರ್ಯಾಗ ಬೇಕಾಕ್ಕೈತಿ," ಎಂದು ಸಣ್ಣ ಬಾಟಲಿ ಹಿಡಿದು ನಿಲ್ಲುತ್ತಿದ್ದರು. ಅವಳು ಯಾರಿಗೂ ಇಲ್ಲವೆಂದವಳಲ್ಲ. ಹೆಪ್ಪು ಕೇಳಿದವರಿಗೆ ಇಲ್ಲವೆನ್ನುವುದು ಅವಳಿಗೆ ತಿಳಿದೇ ಇರಲಿಲ್ಲ.

ಶೆಡ್ಡಿನ ಕೆಲಸದವರು ವರ್ಷಕ್ಕೊಮ್ಮೆ ಧಾರವಾಡದ ಸಂಶೋಧನಾ ಕೇಂದ್ರಕ್ಕೆ ಹೋಗಿ ಎದೆ ತಪಾಸಣೆ ಮಾಡಿಸಿಕೊಳ್ಳಬೇಕಿತ್ತು. ಸ್ಟಿಯರಿಂಗ್ ಬಿಟ್ಟ ಮೇಲೆ ಫಕ್ಕೀರಪ್ಪನೂ ಶೆಡ್ಡಿನಲ್ಲಿ ಗಾಳಿ ಹೊಡೆಯುವ ಕೆಲಸಕ್ಕೆ ನಿಂತಿದ್ದರಿಂದ ಗಂಡ ಹೆಂಡತಿ ಇಬ್ಬರೂ ಹೋದರು. ದ್ಯಾಮವ್ವನದು ಸ್ವಚ್ಛವಾಗಿತ್ತು. ಫಕ್ಕೀರಪ್ಪನ ಎದೆಯ ಚಿತ್ರವನ್ನು ಡಾಕ್ಟರ್ ಅನುಪಮಾ ತೊರಗಲ್ ಎರಡು ಸಲ ತೆಗೆಸಿದರು. ಅವರು ಶ್ವಾಸಕೋಶದ ಡಾಕ್ಟರು, ಜೀವಾಣುಗಳನ್ನೂ ಓದಿಕೊಂಡವರು, ಮಸಿ ತಿನ್ನುವ ಜೀವಾಣುವನ್ನು ಮಾಡಿದವರಲ್ಲಿ ಒಬ್ಬರು. ಹೋದ ವರ್ಷದ ಚಿತ್ರವನ್ನೂ ಇಂದಿನದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು.

"ಕಾಕಾ, ಇದು ಹೋದ ವರ್ಷದ್ದು. ತುಂಬ ಕರಿ ಚುಕ್ಕಿ ಅವ, ನೋಡ್ರಿ. ಇದು ಇವತ್ತಿಂದು. ಒಂದೂ ಇಲ್ಲ. ಇಪ್ಪತ್ತು ವರ್ಷದವನ ಎದಿ ಆಗೇದ."

"ಛಲೋ ಆತಲ್ರಿ ಬಾಯಾರ!" ಫಕ್ಕೀರಪ್ಪ ಹೆಂಡತಿಯ ಕಡೆ ನೋಡಿ ಕಣ್ಣು ಹೊಡೆದ.

"ಛಲೋ ಹೆಂಗ ಆಗ್ತದ? ಮಸಿ ಒಮ್ಮೆ ಎದಿಯೊಳಗ ಕೂತ್ರ ಸಾಯೂ ತನಕಾ ಏಳೂದಿಲ್ಲ. ಅದು ಎಲ್ಲಿ ಹೋತು ಅಂತ ನನಗ ಗೊತ್ತಾಗಬೇಕು." ಡಾಕ್ಟರು ದ್ಯಾಮವ್ವನ ಕಡೆ ತಿರುಗಿದರು. "ಶೆಡ್‌ನ್ಯಾಗ ಹೊಸಾ ಕಿಟ್ಟೇ ಒಡೀತೀರಲ್ಲ? ಹಳೇದು ಸುಡ್ತೀರಲ್ಲ?"

ದ್ಯಾಮವ್ವನ ಸೊಂಟದಲ್ಲಿ ಬಾಟಲಿ ಬೆಚ್ಚಗಿತ್ತು. ಶೆಡ್ಡಿಗೆ ಬೀಗ ಬೀಳುವುದು, ಪೊಲೀಸರು ಬರುವುದು, ಓಣಿಯವರ ಎದುರು ಜೀಪು ಹತ್ತುವುದು, ಎಲ್ಲವೂ ಒಂದೇ ಗಳಿಗೆಯಲ್ಲಿ ಕಣ್ಣಮುಂದೆ ಬಂದುಹೋಯಿತು.

"ಹೌದ್ರೀ ಬಾಯಾರ. ಹೊಸಾದ ಒಡಿತೀವಿ," ಎಂದಳು.

ಡಾಕ್ಟರು ನಂಬಿದರು. ನಂಬಿದ್ದರಿಂದಲೇ ದಾರಿ ತಪ್ಪಿದರು. ಕಿಟ್ಟಿನ ಜೀವಾಣು ಮೈಬಿಸಿಯಲ್ಲಿ ಬದುಕುವುದಿಲ್ಲ, ಹಾಗಾಗಿ ಇದು ಬೇರೇನೋ ಇರಬೇಕು ಎಂದುಕೊಂಡು ರಕ್ತ ತೆಗೆದುಕೊಂಡರು, ಮಾತ್ರೆ ಬರೆದರು, ಹದಿನೈದು ದಿನ ಬಿಟ್ಟು ಬರಲು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಫಕ್ಕೀರಪ್ಪ ಹಾಡು ಗುನುಗುತ್ತಿದ್ದ. ದ್ಯಾಮವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಹೆದರಿಕೆಯಾಗಿತ್ತು, ಆದರೆ ಆ ಹೆದರಿಕೆ ಇನ್ನೂ ಪೊಲೀಸರ ಬಗ್ಗೆ ಮಾತ್ರ ಇತ್ತು.

ಆರನೇ ದಿನ ಬೆಳಿಗ್ಗೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಫಕ್ಕೀರಪ್ಪನದೊಂದು ಹಿತ್ತಾಳೆಯ ಲೋಟವಿತ್ತು. ತಿಕ್ಕಿ ಎಷ್ಟೋ ದಿನವಾಗಿ ಕಪ್ಪಿಟ್ಟಿತ್ತು. ಅವನಿಗೆ ಕಚ್ಚಿಕೊಂಡು ಕುಡಿಯುವ ಅಭ್ಯಾಸ. ಆ ಲೋಟದ ಅಂಚಿನಲ್ಲಿ, ಅವನ ತುಟಿ ತಾಗುವ ಜಾಗದಲ್ಲಿ ಮಾತ್ರ, ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಎರಡು ಬೆರಳಗಲ ಹೊಳೆಯುತ್ತಿತ್ತು. ದ್ಯಾಮವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು. ಬೆರಳಿನಿಂದ ಒರೆಸಿ ನೋಡಿದಳು. ಶೆಡ್ಡಿನಲ್ಲಿ ಡಬ್ಬಿಯ ಹುಳಿನೀರು ತಾಗಿದ ಹಿತ್ತಾಳೆ ಹೀಗೇ ಹೊಳೆಯುತ್ತಿತ್ತು.

ಫಕ್ಕೀರಪ್ಪನಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಆಗಬೇಕು. ಹಾಗಾಗಿ ಮನೆಯ ರೊಟ್ಟಿಹಂಚಿನ ಬೆನ್ನಿಗೆ ವರ್ಷಗಳ ಮಸಿ ಹತ್ತಿತ್ತು. ಅವಳು ಹಂಚನ್ನು ಬೋರಲು ಹಾಕಿ ಗಂಡನನ್ನು ಕರೆದಳು.

"ಇದರ ಮ್ಯಾಲ ಒಮ್ಮೆ ಉಗುಳ್ರಿ."

"ಏನ್ ಹುಚ್ಚು ಹಿಡೀತೇನ ನಿನಗ? ರೊಟ್ಟಿ ಬೇಯ್ಸೂ ಹಂಚು ಅದು."

"ಉಗುಳ್ರಿ ಅಂದ್ರ ಉಗುಳ್ರಿ!"

ಅವಳ ದನಿ ಕೇಳಿ ಅವನು ಮಾತಾಡದೆ ಉಗುಳಿದ. ದ್ಯಾಮವ್ವ ಹಂಚನ್ನು ಬಿಸಿಲಲ್ಲಿಟ್ಟು ಅದರ ಎದುರೇ ಕೂತಳು. ಶೆಡ್ಡಿಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಸಿಯ ನಡುವೆ ಒಂದು ಸಣ್ಣ ಬೂದು ಚುಕ್ಕಿ ಕಂಡಿತು. ಮೂರು ಗಂಟೆಗೆ ಅದು ರೂಪಾಯಿಯಷ್ಟಗಲವಾಗಿ, ಕೆಳಗಿನ ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಶೆಡ್ಡಿನಲ್ಲಿ ಸಾವಿರ ಸಲ ಅವಳು ಅದನ್ನು ಕಂಡು ಸಂತೋಷಪಟ್ಟಿದ್ದಳು. ಅದು ಅವಳ ಹೆಪ್ಪೇ. ಅವಳೇ ಸಾಕಿದ್ದು, ಅವಳೇ ಮೈಬಿಸಿ ಕೊಟ್ಟು ಬೆಳೆಸಿದ್ದು, ಡಬ್ಬಿಗೆ ಗಾಳಿ ಹೊಡೆಯುವಾಗ ಏಳುವ ಬೂದಿಯ ಜೊತೆ ಉಸಿರಿಗೆ ಸೇರಿ, ಈಗ ಗಂಡನ ಎದೆಯೊಳಗೆ ಕೂತಿತ್ತು.

ಫಕ್ಕೀರಪ್ಪ ಹಂಚನ್ನು ನೋಡಿದ.

"ಎದ್ಯಾಗ ಒಂದೀಟು ಉರೀತೈತಿ, ಎರಡು ದಿನ ಆತು," ಎಂದ. "ನಿನಗ ಹೇಳಿರಲಿಲ್ಲ."

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಧಾರವಾಡಕ್ಕೆ ಹೋದರು. ದ್ಯಾಮವ್ವ ಚೀಲದಿಂದ ಹಂಚು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. ಸೊಂಟದಿಂದ ಬಾಟಲಿ ಬಿಚ್ಚಿ ಅದರ ಪಕ್ಕಕ್ಕಿಟ್ಟಳು. ಆಮೇಲೆ ಮೂರು ವರ್ಷದ ಕಥೆಯನ್ನು ಒಂದೂ ಬಿಡದೆ ಹೇಳಿದಳು. ಹೇಳುವಾಗ ಅಳಲಿಲ್ಲ. "ನಾ ಸುಳ್ಳು ಹೇಳಿದೆ ಬಾಯಾರ. ನನ್ನ ಜೇಲಿಗೆ ಹಾಕ್ಸ್ರಿ. ಇವರನ್ನ ಉಳಿಸ್ರಿ," ಎಂದಾಗ ಮಾತ್ರ ಅವಳ ದನಿ ಬಿದ್ದುಹೋಯಿತು.

ಡಾಕ್ಟರು ಮೊದಲು ಕೈಗವಸು ಹಾಕಿಕೊಂಡರು.

"ಮೈಬಿಸಿಗೆ ಬೆಳೀಬಾರದು ಅಂತ ನಾವು ಆರು ವರ್ಷ ಕೂತು ಮಾಡಿದ್ವಿ," ಎಂದರು. "ನೀವು ಸೊಂಟಕ್ಕ ಕಟ್ಟಿಕೊಂಡು ಮೂರು ವರ್ಷದಾಗ ಕಲಿಸಿಬಿಟ್ರಿ."

ಹೊಸ ಚಿತ್ರ ತೆಗೆದರು. ಬಲಗಡೆಯ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕುಳಿಗಳು ಕಂಡವು. ಡಾಕ್ಟರು ಒಂದು ಹಾಳೆಯ ಮೇಲೆ ಬರೆದು ತೋರಿಸಿದರು. ಜೀವಾಣು ಮಸಿಯನ್ನು ಕಿತ್ತು ತಿನ್ನಲು ಹುಳಿ ಬಿಡುತ್ತದೆ. ಡಬ್ಬಿಯೊಳಗಾದರೆ ಮಸಿ ಮಣ್ಣಿಗೆ ಅಂಟಿರುತ್ತದೆ, ಮಣ್ಣಿಗೆ ಆ ಹುಳಿಯಿಂದ ಏನೂ ಆಗುವುದಿಲ್ಲ. ಎದೆಯಲ್ಲಿ ಅದು ಅಂಟಿರುವುದು ಮಾಂಸಕ್ಕೆ. ಮಸಿ ಇರುವ ತನಕ ಹುಳಿ ಅಲ್ಲಲ್ಲೇ ಮುಗಿಯುತ್ತದೆ. ಮಸಿ ತೀರಿದ ಮೇಲೆ ಹಸಿದ ಜೀವಾಣು ಮಸಿ ಹುಡುಕುತ್ತ ಸಿಕ್ಕಸಿಕ್ಕಲ್ಲಿಗೆ ಹುಳಿ ಬಿಡುತ್ತ ಹೋಗುತ್ತದೆ.

"ಔಷಧ?" ದ್ಯಾಮವ್ವ ಕೇಳಿದಳು.

"ಗಂಧಕ, ಬೂದಿ, ಬಿಸಿ ಯಾವುದಕ್ಕೂ ಸಾಯಬಾರದು ಅಂತ ಅದಕ್ಕ ದಪ್ಪ ತೊಗಲು ಕೊಟ್ಟೀವಿ. ಇದ್ದ ಔಷಧ ಒಂದೂ ಅದರೊಳಗ ಇಳಿಯೂದಿಲ್ಲ."

"ಎಷ್ಟ ದಿನ ಅದಾವ್ರಿ?" ಇದು ಫಕ್ಕೀರಪ್ಪನ ಪ್ರಶ್ನೆ.

ಡಾಕ್ಟರು ಅವನ ಮುಖ ನೋಡಿಯೇ ಹೇಳಿದರು. "ಹತ್ತು. ಭಾಳಂದ್ರ ಹನ್ನೆರಡು. ದಿನಾ ಒಂದೀಟು ಮಸಿ ಉಸುರಿನ್ಯಾಗ ಕೊಟ್ರ ಅದರ ಹಸಿವಿ ತಡೀಬಹುದು. ಆದ್ರ ಅದು ಬೆಳಕೋತನ ಹೋಗ್ತದ. ಇನ್ನೊಂದಿಷ್ಟು ದಿನ ಸಿಗ್ತಾವ, ಅಷ್ಟ."

ಫಕ್ಕೀರಪ್ಪ ತಲೆಯಾಡಿಸಿದ. ಘಟ್ಟದಲ್ಲಿ ಬ್ರೇಕ್ ಹೋದಾಗಲೂ ಹೆದರದ ಮನುಷ್ಯ; ಆಗ ಮಾತ್ರ ಹೆಂಡತಿಯ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ದ್ಯಾಮವ್ವನ ತಲೆಯೊಳಗೆ ಶೆಡ್ಡಿನ ಡಬ್ಬಿಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಅವಳು ಬೆರಳಗಂಟಿನಿಂದ ಬಡಿದು ನೋಡಿ ಎಷ್ಟು ತುಂಬಿದೆ ಎಂದು ಹೇಳುತ್ತಿದ್ದ ಡಬ್ಬಿಗಳು. ಅವಳೇ ಮಾತು ತೆಗೆದಳು.

"ಬಾಯಾರ, ಅದಕ್ಕ ಉಪವಾಸ ಹಾಕಿದ್ರ ಸಿಟ್ಟಿಗೇಳತೈತಿ. ಹೌದಿಲ್ರಿ? ಆದ್ರ ಹೊಟ್ಟಿ ಬಿರಿಯೂ ಹಂಗ ಉಣಿಸಿದ್ರ ಸಾಯ್ತೈತಿ. ನಾ ನೋಡೇನಿ."

"ಏನ್ ನೋಡೀರಿ?"

"ಗಚ್ಚ ತುಂಬಿದ ಡಬ್ಬಿಗೆ ಹೆಪ್ಪು ಹಾಕಿ ಮರತು ಎರಡು ದಿನ ಬಿಟ್ರ, ತಳದ ಹೆಪ್ಪು ಸತ್ತಿರತೈತಿ. ಮತ್ತ ಯಾವ ಡಬ್ಬಿಗೂ ಹತ್ತೂದಿಲ್ಲ. ಮೊಸರು ಬಿಟ್ರ ಹುಳ್ಯಾಗಿ ಹೆಪ್ಪಿಗೆ ಬರೂದಿಲ್ಲಲ್ರಿ, ಹಂಗ. ತನ್ನ ಹುಳಿಗೆ ತಾನ ಸಾಯ್ತೈತಿ. ನಾ ಅಂಥಾದ್ದನ್ನ ಎಷ್ಟೋ ಸಲ ಚೆಲ್ಲೇನಿ."

ಡಾಕ್ಟರು ಎದ್ದು ನಿಂತರು.

ಪ್ರಯೋಗಾಲಯದಲ್ಲಿ ಮೂರು ಗಾಜಿನ ಬುರುಡೆಗಳಲ್ಲಿ ಹೆಪ್ಪು ಹಾಕಿ, ಒಂದಕ್ಕೆ ಮಸಿಯಿಲ್ಲದೆ, ಒಂದಕ್ಕೆ ಅಳತೆಯ ಮಸಿ, ಇನ್ನೊಂದಕ್ಕೆ ಗಂಟಲಮಟ ಮಸಿ ಕೊಟ್ಟರು. ಹುಳಿಯನ್ನು ಅಳೆಯುವ ಅಂಕಿ ಪರದೆಯ ಮೇಲೆ ಬರುತ್ತಿತ್ತು. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮೂರನೇ ಬುರುಡೆಯಲ್ಲಿ ಅದು ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಇಳಿಯಿತು. ಮೂರರ ಕೆಳಗೆ ನಾಲ್ಕು ನಿಮಿಷ ನಿಂತಿದ್ದೇ ಒಳಗಿನದು ಪೂರ್ತಿ ಸತ್ತಿತು. ಡಾಕ್ಟರು ರಾತ್ರಿಯಿಡೀ ಕೂತು ಮೂರು ಸಲ ಮಾಡಿ ನೋಡಿದರು. ಮೂರು ಸಲವೂ ಅಷ್ಟೇ.

"ಆದ್ರ ಇದು ಗಾಜು," ಎಂದರು. "ಎದಿ ಗಾಜಲ್ಲ. ಮೂರಕ್ಕ ಇಳಿದ ಮ್ಯಾಲೆ ನಾಕು ನಿಮಿಷ ಬೇಕು. ಐದು ನಿಮಿಷ ದಾಟಿದ್ರ ಎದಿ ತಡಿಯೂದಿಲ್ಲ. ನಡುವ ಒಂದ ನಿಮಿಷ ಅದ ನಮಗ. ಅಷ್ಟರೊಳಗ ಸೋಡಾ ಹಾಕಿದ ಉಪ್ಪುನೀರಿಲೆ ತೊಳೀಬೇಕು. ಒಂದು ಕಡೆ ಎದಿ ಮುಚ್ಚಿ, ಇನ್ನೊಂದು ಕಡೆಯಿಂದ ಉಸುರಾಡಿಸ್ತೀವಿ. ಇವತ್ತಿನ ತನಕಾ ಯಾರೂ ಹಿಂಗ ಮಾಡಿಲ್ಲ. ಕಾಕಾ ಬ್ಯಾಡ ಅಂದ್ರ ನಾ ಮಾಡೂದಿಲ್ಲ."

"ಮಾಡ್ರಿ," ಎಂದ ಫಕ್ಕೀರಪ್ಪ.

ಮಸಿ ಮಾತ್ರ ಡಬ್ಬಿಯದು ನಡೆಯುತ್ತಿರಲಿಲ್ಲ. ಡೀಸೆಲ್ ಮಸಿಯಲ್ಲಿ ಲೋಹದ ಬೂದಿ, ಡಾಂಬರು, ಇನ್ನೂ ಏನೇನೋ ಇರುತ್ತವೆ. ಶುದ್ಧವಾದ ಮಸಿ ಅರ್ಧ ಸೇರಾದರೂ ಬೇಕು, ನಾಳೆಯೊಳಗೆ ಬೇಕು ಎಂದು ಡಾಕ್ಟರು ತಲೆಗೆ ಕೈಹಚ್ಚಿ ಕೂತಾಗ ದ್ಯಾಮವ್ವ ಹೇಳಿದಳು, "ಕೂಸಿಗೆ ಹಚ್ಚೂ ಕಾಡಿಗೀನೂ ಮಸೀನ ಅಲ್ಲೇನ್ರಿ?" ದ್ಯಾಮವ್ವನ ಫೋನು ಬಂದದ್ದೇ, ಅಂದು ಮಧ್ಯಾಹ್ನವೇ ಹುಬ್ಬಳ್ಳಿಯ ಓಣಿಯಲ್ಲಿ ಇಮಾಂಬಿ ಮನೆಮನೆಗೆ ಹೋದಳು. ಹಾಡಹಗಲು ಬಾಗಿಲು ಕಿಟಕಿ ಮುಚ್ಚಿ, ಗಾಳಿ ಆಡದಂತೆ ಮಾಡಿ, ನೂರಾರು ಹರಳೆಣ್ಣೆ ದೀಪ ಹಚ್ಚಿ, ಅವುಗಳ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಹೆಂಗಸರು ಬೆವರು ಸುರಿಸುತ್ತ ಕೂತರು. ಮರುದಿನ ಬೆಳಿಗ್ಗೆ ಇಮಾಂಬಿ ಸ್ಟೀಲ್ ಡಬ್ಬಿ ತುಂಬ ಮೆತ್ತನೆಯ ಕರಿಪುಡಿ ತಂದಿಟ್ಟಳು. ಅವಳ ಮೂಗಿನ ತುದಿಯೂ ಕರ್ರಗಿತ್ತು. ಡಾಕ್ಟರು ಅದನ್ನು ಕುಲುಮೆಯಲ್ಲಿಟ್ಟು ಕಾಯಿಸಿ ಶುದ್ಧ ಮಾಡಿದರು.

ಬಲಗಡೆಯದನ್ನು ಮೊದಲು ಹಿಡಿದರು. ದ್ಯಾಮವ್ವನನ್ನು ಗಾಜಿನ ಈಚೆ ಕೂರಿಸಿದರು. ಒಳಗೆ ಫಕ್ಕೀರಪ್ಪ ಪ್ರಜ್ಞೆಯಿಲ್ಲದೆ ಮಲಗಿದ್ದ. ಗಂಟಲೊಳಗೆ ಎರಡು ಕವಲಿನ ಕೊಳವೆ. ಒಂದು ಕವಲಿಗೆ ಬರೀ ಗಾಳಿ, ಇನ್ನೊಂದಕ್ಕೆ ಗಾಳಿಯ ಜೊತೆ ಮಸಿ. ಜೀವಮಾನವೆಲ್ಲ ಅವಳು ಯಾವುದನ್ನು ಡಬ್ಬಿಗಳಿಂದ ತೊಳೆದು ತೆಗೆದಿದ್ದಳೋ ಅದನ್ನು ಈಗ ಅವಳ ಗಂಡನ ಎದೆಗೆ ತುಂಬುತ್ತಿದ್ದರು. ಅವಳಿಗೆ ಎದ್ದು ಗಾಜು ಒಡೆಯಬೇಕೆನ್ನಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಎರಡು ತಾಸು ಪರದೆಯ ಮೇಲೆ ಎದೆಯೊಳಗಿನ ಹುಳಿಯ ಅಂಕಿ ಐದರಲ್ಲೇ ನಿಂತಿತು. ಆಮೇಲೆ ಇಳಿಯತೊಡಗಿತು. ನಾಲ್ಕೂವರೆ. ನಾಲ್ಕು. ಮೂರೂವರೆಗೆ ಬಂದು ನಿಂತುಬಿಟ್ಟಿತು. ಡಾಕ್ಟರು ಇನ್ನೊಂದು ಚಮಚ ಮಸಿ ಬಿಟ್ಟರು. ಮತ್ತೊಂದು. ಅಂಕಿ ಅಲ್ಲೇ. ಫಕ್ಕೀರಪ್ಪನ ಎದೆಬಡಿತ ತೋರಿಸುವ ಗೆರೆ ಅಡ್ಡಾದಿಡ್ಡಿ ಓಡತೊಡಗಿತು, ಯಾರೋ ಏನೋ ಕೂಗಿದರು. ಅಷ್ಟರಲ್ಲಿ ಅಂಕಿ ಒಮ್ಮೆಲೇ ಜಾರಿ ಮೂರರ ಕೆಳಗೆ ಹೋಯಿತು.

"ಒಂದು," ಎಂದರು ಡಾಕ್ಟರು, ಮೊದಲ ನಿಮಿಷ ಕಳೆದಾಗ ಗಡಿಯಾರ ನೋಡುತ್ತ.

ಎರಡನೆಯ ನಿಮಿಷಕ್ಕೆ ಅವನ ಬಲಗೈ ತಾನಾಗಿಯೇ ಎಗರಿತು. ಮೂರನೆಯದಕ್ಕೆ ತುಟಿ ನೀಲಿಗಟ್ಟಿತು. ನರ್ಸು ಉಪ್ಪುನೀರಿನ ಕೊಳವೆ ಹಿಡಿದು ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರು ತಲೆಯಾಡಿಸಲಿಲ್ಲ. ದ್ಯಾಮವ್ವ ಗಾಜಿಗೆ ಹಣೆ ಒತ್ತಿ, "ಬಿಡ್ರಿ, ಸಾಕ್ರಿ, ಬಿಡ್ರಿ," ಎನ್ನುತ್ತಿದ್ದಳು. ಗಾಜಿನಾಚೆ ಯಾರಿಗೂ ಅದು ಕೇಳಿಸುವಂತಿರಲಿಲ್ಲ.

"ನಾಕು. ನೀರು!"

ಮೊದಲು ಬಂದ ನೀರು ಕರ್ರಗೆ ಇಂಕಿನಂತಿತ್ತು. ಆಮೇಲೆ ಬೂದು. ಹನ್ನೊಂದನೇ ಸಲಕ್ಕೆ ತಿಳಿಯಾಗಿ ಬಂತು. ಡಾಕ್ಟರು ಅದರ ಒಂದು ಹನಿಯನ್ನು ತೆಗೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಬಹಳ ಹೊತ್ತು ಕೂತರು. ಹೊರಗೆ ಬಂದು ದ್ಯಾಮವ್ವನ ಪಕ್ಕದ ಕುರ್ಚಿಯ ಮೇಲೆ ದೊಪ್ಪನೆ ಕೂತರು. "ಸತ್ತಾವ," ಎಂದರು. "ಒಂದೂ ಉಳಿದಿಲ್ಲ." ದ್ಯಾಮವ್ವ ಆಗ ಅತ್ತಳು. ಡಾಕ್ಟರ ಕೈ ಹಿಡಿದುಕೊಂಡು ಗಟ್ಟಿಯಾಗಿ, ಕಾರಿಡಾರಿನಲ್ಲಿ ಹೋಗುವವರು ನಿಂತು ನೋಡುವ ಹಾಗೆ ಅತ್ತಳು.

ಎರಡು ದಿನ ಬಿಟ್ಟು ಎಡಗಡೆಯದೂ ಆಯಿತು. ಫಕ್ಕೀರಪ್ಪ ಬದುಕಿದ. ಮೊದಲಿನ ಹಾಗಲ್ಲ, ನಾಲ್ಕು ಹೆಜ್ಜೆ ಹಾಕಿದರೆ ಗೋಡೆ ಹಿಡಿಯಬೇಕಿತ್ತು, ದನಿ ಹರಿದ ಬಟ್ಟೆಯಾಗಿತ್ತು. ಆದರೂ ಮಂಚದ ಮೇಲೆ ಕೂತು ಗಂಜಿ ಕುಡಿದು, ಉಪ್ಪು ಕಮ್ಮಿಯಾಗಿದೆ ಎಂದು ಜಗಳ ತೆಗೆಯುವಷ್ಟು ಬದುಕಿದ. ದ್ಯಾಮವ್ವನಿಗೆ ಅಷ್ಟು ಸಾಕಿತ್ತು.

ಅಂದು ಸಂಜೆ ಡಾಕ್ಟರು ಒಂದು ಖಾಲಿ ವಹಿ ತಂದರು.

"ಹೆಪ್ಪು ಯಾರ್ಯಾರಿಗೆ ಕೊಟ್ಟೀರಿ?"

ದ್ಯಾಮವ್ವ ಈ ಪ್ರಶ್ನೆಗಾಗಿ ಕಾಯುತ್ತಿದ್ದಳು. ಕಣ್ಣುಮುಚ್ಚಿ ಹೇಳುತ್ತಾ ಹೋದಳು. ಹೆಸರು, ಊರು, ಯಾವ ಬಣ್ಣದ ಲಾರಿ, ಯಾವ ದಾರಿ. ಮರೆತದ್ದನ್ನು ಫಕ್ಕೀರಪ್ಪ ಮಂಚದಿಂದ ನೆನಪಿಸಿದ. ಎರಡುನೂರ ಹದಿನಾಲ್ಕು ಹೆಸರಾದವು. ಡಾಕ್ಟರು ಎಣಿಸಿ ವಹಿ ಮುಚ್ಚಿದರು.

"ನಾವು ಮಾಡಿದ್ರ ಎತ್ತೂದಿಲ್ಲ, ಸರ್ಕಾರದ ಫೋನ್ ಅಂತ ಕಟ್ ಮಾಡ್ತಾರ. ನೀವ ಮಾತಾಡ್ರಿ. ಬಾಟ್ಲಿ ಬಿಚ್ಚಬಾರದು, ಇದ್ದಲ್ಲೇ ಇರಬೇಕು, ನಮ್ಮವರು ಬರ್ತಾರ ಅನ್ರಿ. ಮಸಿ ಇದ್ದವರಿಗೆ ಇನ್ನೂ ಸ್ವಲ್ಪ ಕಾಲ ಅದ."

"ಮಸಿ ಇಲ್ಲದವರಿಗೆ?" ಎಂದಳು ದ್ಯಾಮವ್ವ.

"ಡ್ರೈವರ್ ಎದಿಯೊಳಗ ಮಸಿ ಇದ್ದ ಇರ್ತದಲ್ಲ," ಎಂದರು ಡಾಕ್ಟರು.

ಮೊದಲ ಹೆಸರು ದುರ್ಗಪ್ಪ ಹಾದಿಮನಿ. ಮುಧೋಳದ ಕಡೆಯವನು, ಸಿಮೆಂಟ್ ಲಾರಿ ಓಡಿಸುವವನು. ಫೋನು ಎರಡನೇ ರಿಂಗಿಗೇ ಎತ್ತಿದ. ಹಿಂದೆ ಮನೆಯ ಗದ್ದಲ ಕೇಳುತ್ತಿತ್ತು.

"ದುರ್ಗಪ್ಪಾ, ನಾ ದ್ಯಾಮವ್ವ ಮಾತಾಡಾಕತ್ತೀನಿ. ಹುಬ್ಬಳ್ಳಿ ಶೆಡ್ಡು."

"ದ್ಯಾಮಕ್ಕಾ! ನಾನ ಮಾಡಬೇಕಂತ ಮಾಡಿದ್ದೆ ನೋಡು. ನೀ ನೂರು ವರ್ಷ ಬಾಳಬೇಕವಾ. ನಿನ್ನ ಹೆಪ್ಪಿನಿಂದ ನನ್ನ ಎದಿ ಹಗುರಾಗೇತಿ, ಕೆಮ್ಮೂ ಇಲ್ಲ, ದಮ್ಮೂ ಇಲ್ಲ. ನಮ್ಮ ಡ್ರೈವರ್ ಮಂದಿಗೆಲ್ಲಾ ಹಂಗ ಆಗೇತಿ, ಎಲ್ಲಾರೂ ನಿನ್ನ ಹೆಸರು ತಗೋತಾರ."

"ದುರ್ಗಪ್ಪಾ, ಇಲ್ಲಿ ಕೇಳು..."

"ನೀ ಕೇಳು ಮೊದಲ. ನನ್ನ ಮಗಳಿಗೆ ಉಬ್ಬಸ ಇತ್ತಲ್ಲ? ಕೆಂಚವ್ವಗ? ಯಾವ ದವಾಖಾನ್ಯಾಗೂ ಗುಣಾ ಆಗಲಿಲ್ಲ. ನನಗ ಹತ್ತಿದ್ದು ಅಕಿಗೂ ಹತ್ತತೈತಿ ಅಂತ ಬಾಟ್ಲಿ ಬಿರಡಿ ತಗದು ದಿನಾ ಮೂಗಿಗೆ ಹಿಡದೆ. ಇವತ್ತಿಗೆ ಐದು ದಿನ. ಈಗ ಓಣ್ಯಾಗಿನ ಮಂದಿ ಎಲ್ಲಾ ತಮ್ಮ ತಮ್ಮ ಹುಡುಗೂರನ್ನ ಕರಕೊಂಡು ಬಾಗಲಾಗ ನಿಂತಾರ."

ದ್ಯಾಮವ್ವ ಫಕ್ಕೀರಪ್ಪನ ಕಡೆ ನೋಡಿದಳು. ಫೋನಿನ ದನಿ ಜೋರಾಗಿತ್ತು, ಅವನಿಗೂ ಎಲ್ಲ ಕೇಳಿಸಿತ್ತು. ಅವನು ಗಂಜಿಯ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

"ಅಕಿಗೆ ಎಷ್ಟ ವರ್ಷ, ದುರ್ಗಪ್ಪಾ?"

"ನಾಕು ತುಂಬಿ ಐದರಾಗ ಬಿದ್ದಾಳ. ತಡಿ, ಅಕೀನ ಮಾತಾಡ್ತಾಳಂತ."

ಫೋನು ಕೈ ಬದಲಾಯಿತು. ಸಣ್ಣ ದನಿಯೊಂದು, ಓಡಿಬಂದ ಏದುಸಿರಿನಲ್ಲಿ, "ಅಜ್ಜಿ, ನನಗ ಈಗ ಓಡಾಕ ಬರ್ತೈತಿ," ಎಂದಿತು.

"ಹೌದೇನವಾ?" ಎಂದಳು ದ್ಯಾಮವ್ವ. "ಛಲೋ ಆತು. ಈಗ ಓಡಬ್ಯಾಡ, ನನ್ನ ಕೂಸ. ಸುಮ್ಮನ ಒಂದು ಕಡೆ ಕುಂದುರು. ಫೋನ್ ನಿಮ್ಮಪ್ಪಗ ಕೊಡು."